ಊರ ಪಕ್ಕ ಲೇಔಟ್ ಬರ್ತಿದೆ, ಗ್ರಾಮಸಭೆ ಕರೆದಿದ್ದಾರೆ: ಹೋಗೋ ಮುಂಚೆ ಏನೇನು ಮಾಡಿಕೊಳ್ಳಬೇಕು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗ್ರಾಮಸಭೆಯಲ್ಲಿ ಇಡೀ ಊರು ಕೈ ಎತ್ತಿ ‘ಬೇಡ’ ಅಂದರೂ, ಅಷ್ಟರಿಂದಲೇ ಒಂದು ಖಾಸಗಿ ಲೇಔಟ್ ನಿಂತುಹೋಗೋದಿಲ್ಲ. ಜಮೀನು ರೈತನದ್ದು, ಮಾರೋದು ಬಿಡೋದು ಅವನಿಗೆ ಬಿಟ್ಟಿದ್ದು. ಕೃಷಿ ಜಮೀನಿನ ಭೂ ಪರಿವರ್ತನೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳ ಕಡೆಯಿಂದ ಆಗಬೇಕು. ನಕ್ಷೆಗೆ ಮಂಜೂರಾತಿ ಕೊಡೋದು ಯೋಜನಾ ಪ್ರಾಧಿಕಾರ, ಅದು ಇಲ್ಲದ ಕಡೆ ನಗರ ಮತ್ತು ಗ್ರಾಮಾಂತರ ಯೋಜನೆ ಇಲಾಖೆ. ಇದು ಗೊತ್ತಿಲ್ಲದೆ ಸಭೆಗೆ ಬಂದವರು ಗಂಟಲು ಹರಿಯೋ ಹಾಗೆ ಕೂಗಿ, ಗೆದ್ದೆವು ಅಂತ ಮನೆಗೆ ಹೋಗುತ್ತಾರೆ. ಆರು ತಿಂಗಳಿಗೆ ಜೆಸಿಬಿ ಬಂದು ನಿಂತಾಗ ಪಂಚಾಯಿತಿ ಬಾಗಿಲಿಗೆ ಬಂದು ನಮ್ಮನ್ನು ಬೈಯುತ್ತಾರೆ.

ಹಾಗಾದರೆ ಸಭೆಗೆ ಯಾಕೆ ಹೋಗಬೇಕು? ಲೇಔಟಿಗೆ ಬೇಕಾದ ಅರ್ಧಕ್ಕರ್ಧ ವಿಷಯ ಪಂಚಾಯಿತಿ ಕೈಯಲ್ಲೇ ಇದೆ, ಅದಕ್ಕೆ. ನೀರಿನ ಸಂಪರ್ಕ, ಊರಿನ ರಸ್ತೆ, ಕೊಳಚೆ ಹರಿಯೋ ದಾರಿ, ಪಾರ್ಕು ಮತ್ತು ರಸ್ತೆಗಳನ್ನು ವಹಿಸಿಕೊಳ್ಳೋದು, ಆಮೇಲೆ ಒಂದೊಂದು ಸೈಟಿಗೂ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಅಂದರೆ ಖಾತೆ ಕಾಗದ, ಕೊಡೋದು, ಮನೆ ಕಟ್ಟೋಕೆ ಲೈಸೆನ್ಸು. ಇಷ್ಟರ ಮೇಲೂ ಊರಿನವರು ಷರತ್ತು ಹಾಕಬಹುದು. ಆ ಷರತ್ತು ಎಲ್ಲಿರುತ್ತೆ? ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯ ತೀರ್ಮಾನ ಬರೆಯೋ ಪುಸ್ತಕದಲ್ಲಿ. ನಾನು ತುಮಕೂರು ಸೀಮೆಯ ಪಂಚಾಯಿತಿಗಳಲ್ಲಿ ಕಾರ್ಯದರ್ಶಿಯಾಗಿ ಆ ಪುಸ್ತಕ ಬರೆದೇ ರಿಟೈರ್ ಆದವನು. ಮೈಕಿನಲ್ಲಿ ಯಾರು ಏನು ಕೂಗಿದರು ಅನ್ನೋದು ನಾಳೆಗೆ ಯಾರ ನೆನಪಿನಲ್ಲೂ ಇರೋಲ್ಲ. ಪುಸ್ತಕದ ನಾಲ್ಕು ಸಾಲು ಇಪ್ಪತ್ತು ವರ್ಷ ಕೋರ್ಟಿನಲ್ಲಿ ಓಡಾಡುತ್ತೆ.

ಸಭೆಗೆ ಮುಂಚೆ: ಕಾಗದ

‘ಲೇಔಟ್ ಬರ್ತಿದೆಯಂತೆ’ ಅನ್ನೋ ಮಾತಿಗೆ ಬೆಲೆ ಇಲ್ಲ. ಸರ್ವೆ ನಂಬರ್ ಬೇಕು. ಟೀ ಅಂಗಡಿಯಲ್ಲಿ ಕೂತು ಕೇಳಿದರೆ ಸಂಜೆಯೊಳಗೆ ಸಿಗುತ್ತೆ. ಬೇಲಿ ಹಾಕಿದ್ದರೆ ಅಲ್ಲೇ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆಯಿರಿ, ನಿಂತ ಜಾಗದ ಸರ್ವೆ ನಂಬರ್ ಅದೇ ತೋರಿಸುತ್ತೆ. ಅದು ದಾರಿ ತೋರಿಸೋಕೆ ಮಾತ್ರ. ಗಡಿ ತಕರಾರಿಗೆ ಸರ್ವೇಯರ್ ಬಂದು ಅಳೆದು ಗಡಿ ಗುರುತಿಸೋ ಹದ್ದುಬಸ್ತೇ ಬೇಕು.

ಸರ್ವೆ ನಂಬರ್ ಸಿಕ್ಕ ಮೇಲೆ ಭೂಮಿ ವೆಬ್‌ಸೈಟಿನಿಂದಲೋ ನಾಡಕಚೇರಿಯಿಂದಲೋ ಪಹಣಿ ತೆಗೆಸಿ. ಎಲ್ಲರೂ ಒಂಬತ್ತನೇ ಕಾಲಂಗೆ ಹೋಗಿ ಮಾಲೀಕರ ಹೆಸರು ಓದುತ್ತಾರೆ. ನೀವು ಮೂರನೇ ಕಾಲಂ ನೋಡಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಫೂಟ್ ಖರಾಬು’ ಅಂತ ಎರಡು ಸಾಲು ಇರುತ್ತೆ, ಅ ಮತ್ತು ಬ. ಅ ಖರಾಬು ಅಂದರೆ ಬೇಸಾಯಕ್ಕೆ ಬಾರದ ಜಾಗ, ಬಂಡೆಯೋ ಹೊಲಮನೆಯೋ. ಬ ಖರಾಬು ಅಂದರೆ ಸಾರ್ವಜನಿಕರದ್ದು: ಹಳ್ಳ, ದಾರಿ, ಸ್ಮಶಾನ, ಕಾಲುವೆ. ಜಮೀನು ಯಾರ ಹೆಸರಿಗೇ ಇರಲಿ, ಆ ಬ ಖರಾಬಿನ ಗುಂಟೆಗಳು ಮಾರಾಟಕ್ಕೆ ಬರೋಲ್ಲ. ಲೇಔಟ್ ಜಗಳದಲ್ಲಿ ಊರಿನವರ ಕೈಗೆ ಸಿಗೋ ಅತ್ಯಂತ ಗಟ್ಟಿ ಹಿಡಿ ಇದೇ. ಪಹಣಿ ಕೈಯಲ್ಲಿಟ್ಟುಕೊಂಡು ಸರ್ವೆ ಕಚೇರಿಯಿಂದ ಗ್ರಾಮ ನಕಾಶೆ ತನ್ನಿ. ನಕಾಶೆಯಲ್ಲಿ ಬಂಡಿ ದಾರಿ, ಕಾಲು ದಾರಿ, ಹಳ್ಳ ಎಲ್ಲ ಗೆರೆಗಳಲ್ಲಿ ಇರುತ್ತವೆ. ಲೇಔಟ್‌ನವರ ಬಣ್ಣದ ನಕ್ಷೆ ಸಿಕ್ಕರೆ ಎರಡನ್ನೂ ಅಕ್ಕಪಕ್ಕ ಹಾಸಿ ನೋಡಿ. ಹಳ್ಳ ಇದ್ದ ಕಡೆ ಮೂವತ್ತಡಿ ರಸ್ತೆ, ಬಂಡಿ ದಾರಿ ಇದ್ದ ಕಡೆ ‘ಕಾರ್ನರ್ ಸೈಟ್’ ಬಂದಿದ್ದರೆ, ಸಭೆಯಲ್ಲಿ ನಿಮ್ಮ ಮೊದಲ ಮಾತು ಅದೇ.

ಹಳೇ ಇತಿಹಾಸವೂ ಬೇಕು. ಆ ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೋ ನೋಡಿ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಮಂಜೂರಾದ ಜಮೀನಿನ ಪರಭಾರೆ ತಡೆಯೋ ಕಾಯ್ದೆ) ಬರುತ್ತೆ, ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲೋಲ್ಲ. ಪಕ್ಕದ ಸರ್ವೆ ನಂಬರ್ ಗೋಮಾಳವೋ ನೋಡಿ. ಲೇಔಟಿನ ಬೇಲಿ ಪ್ರತಿ ವರ್ಷ ಒಂದೊಂದು ಕಂಬ ಗೋಮಾಳದ ಕಡೆ ನಡೆಯೋದು ನಾನು ಕಣ್ಣಾರೆ ಕಂಡ ವಿದ್ಯೆ. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕು ಅನ್ನೋದು ಭೂ ಕಂದಾಯ ನಿಯಮಗಳಲ್ಲಿರೋ ಲೆಕ್ಕ. ಇದನ್ನು ಸಭೆಯಲ್ಲಿ ಎತ್ತಿದರೆ ಪಶು ಆಸ್ಪತ್ರೆಯವರ ದನಗಳ ಲೆಕ್ಕಕ್ಕೂ ಬೆಲೆ ಬರುತ್ತೆ.

ಇನ್ನೊಂದು ನಕ್ಷೆ ಉಂಟು: ಮಾಸ್ಟರ್ ಪ್ಲಾನ್. ತುಮಕೂರಿನಂಥ ಊರಿನ ಸುತ್ತಲ ಹಳ್ಳಿಗಳು ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದೊಳಗೆ ಬರುತ್ತವೆ. ಆ ಸರ್ವೆ ನಂಬರ್‌ಗೆ ಹಳದಿ ಬಣ್ಣ ಬಿದ್ದಿದ್ದರೆ ವಸತಿ, ಹಸಿರು ಬಿದ್ದಿದ್ದರೆ ಕೃಷಿ. ಹಳದಿ ಆಗಿದ್ದರೆ ‘ಲೇಔಟೇ ಬೇಡ’ ಅಂತ ಕೂತರೆ ದಿನ ವ್ಯರ್ಥ, ಷರತ್ತಿನ ಮೇಲೆ ಗಮನ ಇಡಿ. ಹಸಿರು ಆಗಿದ್ದರೆ ಭೂ ಉಪಯೋಗ ಬದಲಾವಣೆ ಆಗಬೇಕು, ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ನಿಮ್ಮ ಗ್ರಾಮಸಭೆಯ ತೀರ್ಮಾನಕ್ಕೆ ನಿಜವಾದ ಬಲ ಬರೋದು ಆ ಆಕ್ಷೇಪಣೆಯ ಜೊತೆ ಅದನ್ನು ಲಗತ್ತಿಸಿದಾಗ.

ಕಾಗದ ಕೊಡೋಕೆ ಸತಾಯಿಸಿದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನ ಕಾಯಬೇಕಾಗುತ್ತೆ, ಆದ್ದರಿಂದ ಸಭೆಯ ನೋಟಿಸ್ ಬರೋವರೆಗೂ ಕೂತಿರಬೇಡಿ. ಬೇಲಿ ಕಂಬ ಕಂಡ ದಿನವೇ ಅರ್ಜಿ.

ನೀರಿನ ಲೆಕ್ಕ

ಸಭೆಯಲ್ಲಿ ‘ಊರಿಗೆ ನೀರೇ ಇಲ್ಲ, ಇನ್ನು ಇವರಿಗೆಲ್ಲಿಂದ?’ ಅಂತ ಪ್ರತಿಯೊಬ್ಬರೂ ಕೂಗುತ್ತಾರೆ. ‘ನಾವೇ ಬೋರ್ ಹಾಕಿಸ್ತೀವಿ’ ಅಂತ ಅವರು ಹೇಳುತ್ತಾರೆ. ಮುಗಿಯಿತು. ಅದಕ್ಕೆ ಲೆಕ್ಕ ತೆಗೆದುಕೊಂಡು ಹೋಗಿ. ಕಷ್ಟವೇನಿಲ್ಲ, ಎಸ್ಸೆಸ್ಸೆಲ್ಸಿ ಹುಡುಗ ಮಾಡುತ್ತಾನೆ.

ಇಪ್ಪತ್ತು ಎಕರೆ ಲೇಔಟ್ ಅಂದುಕೊಳ್ಳಿ. ಎಕರೆಗೆ 43,560 ಚದರಡಿ, ಒಟ್ಟು 8,71,200. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಸೈಟಿಗೆ ಸುಮಾರು ಅರ್ಧ ಉಳಿಯುತ್ತೆ ಅಂತ ಹಿಡಿದರೆ 4,35,600. ಮೂವತ್ತು-ನಲವತ್ತರ ಸೈಟು 1,200 ಚದರಡಿ. ಭಾಗಿಸಿದರೆ 363 ಸೈಟು. ಮನೆಗೆ ನಾಲ್ಕು ಜನ ಅಂದರೆ 1,452 ಜನ. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್; ಅಲ್ಲಿಗೇ 79,860 ಲೀಟರ್ ಆಯಿತು. ಸೈಟ್ ಕೊಳ್ಳುವವರು ಪೇಟೆಯವರು, ಪೇಟೆಯ ಅಳತೆ ಒಬ್ಬರಿಗೆ 135 ಲೀಟರ್. ಹಾಗೆ ಹಾಕಿದರೆ 1,96,020, ಎರಡು ಲಕ್ಷದ ಹತ್ತಿರ. ನಿಮ್ಮ ಊರಿನ ಓವರ್‌ಹೆಡ್ ಟ್ಯಾಂಕ್ ಐವತ್ತು ಸಾವಿರ ಲೀಟರಿನದ್ದಾಗಿದ್ದರೆ ದಿನಕ್ಕೆ ನಾಲ್ಕು ಸಲ ತುಂಬಿಸಬೇಕು, ಅದೂ ಇವರಿಗೆ ಮಾತ್ರ.

ಒಳಗೆ ಹೋದ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಬರುತ್ತೆ ಅನ್ನೋದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಕಡಿಮೆ ಅಂದರೂ ಅರವತ್ತು ಸಾವಿರ ಲೀಟರ್. ‘ಇದು ಎಲ್ಲಿಗೆ ಹೋಗುತ್ತೆ ಸ್ವಾಮಿ?’ ಅಂತ ಕೇಳಿ ಕೂತುಬಿಡಿ. ಇಳಿಜಾರಿನಲ್ಲಿ ಕೆರೆ ಇದ್ದರೆ ಉತ್ತರ ಎಲ್ಲರಿಗೂ ಗೊತ್ತು, ಆದರೆ ಅವರ ಬಾಯಿಂದಲೇ ಬರಲಿ.

ಸಭೆಗೆ ನೀರುಗಂಟಿಯನ್ನು ಕರೆತರೋದು ಮರೆಯಬೇಡಿ. ಯಾವ ಬೋರಿನಲ್ಲಿ ಎಷ್ಟು ಹೊತ್ತು ನೀರು ಬರುತ್ತೆ, ಬೇಸಗೆಯಲ್ಲಿ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬಿಡುತ್ತಾನೆ, ಇದು ಪಿಡಿಒಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಗೊತ್ತಿರೋದಿಲ್ಲ, ಅವನಿಗೆ ಗೊತ್ತು. ಅವನು ನಾಲ್ಕು ಮಾತು ಆಡಿದರೆ ಇಡೀ ಸಭೆ ಸುಮ್ಮನೆ ಕೇಳುತ್ತೆ. ಪಾಪ, ಪಂಚಾಯಿತಿ ಸಂಬಳದವನು, ಅಧ್ಯಕ್ಷರ ಮುಂದೆ ಬಾಯಿ ಬಿಡೋಕೆ ಹೆದರುತ್ತಾನೆ. ಅದಕ್ಕೆ ‘ನೀನು ಹೇಳು’ ಅಂತ ತಳ್ಳಬೇಡಿ. ‘ನೀರು ಬಿಡೋ ವೇಳಾಪಟ್ಟಿ ಓದಿಸಿ’ ಅಂತ ಅಧ್ಯಕ್ಷರನ್ನೇ ಕೇಳಿ.

ಕೆರೆ ವಿಷಯದಲ್ಲಿ ಒಂದು ಎಚ್ಚರಿಕೆ. ‘ಕೆರೆಯಿಂದ 75 ಮೀಟರ್ ಬಿಡಬೇಕು, ಹಸಿರು ನ್ಯಾಯಾಧಿಕರಣ ಹೇಳಿದೆ’ ಅಂತ ಯಾರೋ ಓದಿದವರು ಎದ್ದು ನಿಂತೇ ನಿಲ್ಲುತ್ತಾರೆ. ಅದು 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ಸಂಬಂಧಿಸಿದ ಆದೇಶ, ಸುಪ್ರೀಂ ಕೋರ್ಟು 2019ರಲ್ಲಿ ಆ ಅಳತೆಯನ್ನು ತೆಗೆದುಹಾಕಿತು. ಲೇಔಟ್‌ನವರ ವಕೀಲ ಪಕ್ಕದಲ್ಲೇ ಕೂತಿದ್ದರೆ ಆ ಒಂದು ತಪ್ಪು ಹಿಡಿದು ನಿಮ್ಮ ಉಳಿದ ಒಂಬತ್ತು ನಿಜವನ್ನೂ ಮುಳುಗಿಸುತ್ತಾನೆ. ನಿಮ್ಮ ಪ್ರದೇಶದ ಮಾಸ್ಟರ್ ಪ್ಲಾನಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಹೇಳಿ.

ಸಭೆ ಸಭೆಯಾಗಿರಬೇಕಾದರೆ

ಗ್ರಾಮಸಭೆಯ ಕೋರಂ ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಬಂದವರಲ್ಲಿ ಶೇ 30 ಹೆಂಗಸರಿರಬೇಕು. ವಾರ್ಡ್ ಸಭೆಗಾದರೆ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ. ಲೇಔಟಿನ ವಿಷಯ ಅಜೆಂಡಾದಲ್ಲಿ ಇಲ್ಲದಿದ್ದರೆ ಮೊದಲು ನಿಮ್ಮ ವಾರ್ಡ್ ಸಭೆಯಲ್ಲಿ ಎತ್ತಿ ಬರೆಸಿ, ಅಲ್ಲಿಂದ ಗ್ರಾಮಸಭೆಗೆ ಬರಲಿ. ಅಷ್ಟು ಹೊತ್ತಿಲ್ಲ ಅಂದರೆ, ಶೇ 10ರಷ್ಟು ಮತದಾರರು ವಿಷಯ ನಮೂದಿಸಿ ಸಹಿ ಮಾಡಿ ಕೊಟ್ಟರೆ ವಿಶೇಷ ಗ್ರಾಮಸಭೆ ಕರೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಸಹಿ ತೆಗೆದುಕೊಳ್ಳುವಾಗ ಪ್ರತಿ ಹೆಸರಿನ ಎದುರು ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆಸಿ. ಹಾಗೆ ಬರೆಸದ ಅರ್ಜಿ ‘ಪರಿಶೀಲನೆಯಲ್ಲಿದೆ’ ಅನ್ನೋ ಬೀರುವಿಗೆ ಹೋಗುತ್ತೆ.

ಮತದಾರರ ಪಟ್ಟಿಯ ಜೆರಾಕ್ಸ್ ಸಭೆಗೂ ಬೇಕು. ಗ್ರಾಮಸಭೆಯಲ್ಲಿ ಕೈ ಎತ್ತೋ ಹಕ್ಕು ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಬೆಂಗಳೂರಿನಲ್ಲಿದ್ದು ಇಲ್ಲಿ ಸೈಟಿಗೆ ಅಡ್ವಾನ್ಸ್ ಕೊಟ್ಟವರು ಸಭೆ ನೋಡಬಹುದು, ಮತ ಹಾಕೋ ಹಾಗಿಲ್ಲ. ಟೆಂಪೊದಲ್ಲಿ ಬಂದು ಇಳಿದು ಬಿರಿಯಾನಿ ಪೊಟ್ಟಣ ಹಿಡಿದು ಕೂತವರೂ ಅಷ್ಟೇ. ಅವರ ಮೇಲೆ ಬೀಳೋಕೆ ಹೋಗಬೇಡಿ, ಜಗಳ ಆದರೆ ಸಭೆ ಮುಂದೂಡುತ್ತಾರೆ, ಮುಂದೂಡೋದೇ ಕೆಲವರಿಗೆ ಬೇಕಾಗಿರುತ್ತೆ. ಸಭೆ ನೋಡಿಕೊಳ್ಳೋಕೆ ಬಂದಿರೋ ನೋಡಲ್ ಅಧಿಕಾರಿಯ ಹತ್ತಿರ ಹೋಗಿ ‘ಸಾರ್, ಎಣಿಸೋ ಮುಂಚೆ ಪಟ್ಟಿ ಜೊತೆ ತಾಳೆ ನೋಡಿ’ ಅಂತ ಹೇಳಿ, ಪಟ್ಟಿ ಅವರ ಮೇಜಿನ ಮೇಲಿಡಿ.

ಹಾಜರಿ ಪುಸ್ತಕದಲ್ಲಿ ಒಂದು ಆಟ ನಡೆಯುತ್ತೆ. ಸಭೆ ಮುಗಿದ ಮೇಲೆ ಪುಸ್ತಕ ಮನೆಮನೆಗೆ ಹೋಗಿ ಸಹಿ ತರುತ್ತೆ. ಕೋರಂ ಇಲ್ಲದ ಸಭೆಗೆ ರಾತ್ರಿಯೊಳಗೆ ಕೋರಂ ಬಂದಿರುತ್ತೆ. ಇದಕ್ಕೆ ಮದ್ದು ಸುಲಭ: ಸಭೆ ಮುಗಿಯೋ ಹೊತ್ತಿಗೆ ಕೊನೆಯ ಸಹಿಯ ಕೆಳಗೆ ಒಂದು ಗೆರೆ ಎಳೆಸಿ, ‘ಒಟ್ಟು ಇಷ್ಟು ಜನ’ ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ನೋಡಲ್ ಅಧಿಕಾರಿಯ ಸಹಿ ಹಾಕಿಸಿ. ಮೊಬೈಲಿನಲ್ಲಿ ಆ ಪುಟದ ಫೋಟೊ ತೆಗೆದುಕೊಳ್ಳಿ.

ಹೆಂಗಸರ ವಿಷಯ ಬೇರೆಯಾಗಿ ಹೇಳಬೇಕು. ಸಭೆ ಬೆಳಗ್ಗೆ ಹನ್ನೊಂದಕ್ಕೆ ಇಡುತ್ತಾರೆ. ಆ ಹೊತ್ತಿಗೆ ನರೇಗಾ ಕೆಲಸಕ್ಕೋ ಗಾರ್ಮೆಂಟ್ಸಿಗೋ ಅರ್ಧ ಊರಿನ ಹೆಂಗಸರು ಹೋಗಿರುತ್ತಾರೆ. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳ ವಾರದ ಸಭೆಯಲ್ಲಿ ಮೊದಲೇ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ನೀರು ಹೊರೋರು ಅವರು, ನೀರಿನ ಪ್ರಶ್ನೆ ಅವರ ಬಾಯಿಂದ ಬಂದರೆ ತೂಕವೇ ಬೇರೆ.

ಒಂದು ಸಭೆಯ ಮಾತು ಹೇಳುತ್ತೇನೆ, ಊರಿನ ಹೆಸರು ಬೇಡ. ಲೇಔಟ್ ಕಡೆಯಿಂದ ಒಬ್ಬ ಎಂಜಿನಿಯರ್ ಹುಡುಗ ಬಂದಿದ್ದ, ಲ್ಯಾಪ್‌ಟಾಪಿನಲ್ಲಿ ಈಜುಕೊಳ ತೋರಿಸುತ್ತಿದ್ದ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು.

“ಮಳೆ ನೀರು ಯಾವ ಕಡೀಕ್ ಓಡ್ತದಪ್ಪ?”

“ಡ್ರೈನ್ ಕೊಡ್ತೀವಿ ಅಜ್ಜಿ, ಎಲ್ಲ ಕವರ್ ಆಗಿರುತ್ತೆ.”

“ಎಷ್ಟಗಲ?”

“ಎರಡಡಿ.”

“ಅಲ್ಲಿ ಇದ್ದ ಹಳ್ಳ ದಾಟೋಕೆ ನಮ್ ಯಜಮಾನ್ರು ಎತ್ತಿನ ಗಾಡಿ ಬಿಚ್ಚಿ ಅರ್ಧ ದಿನ ಕಾಯ್ತಿದ್ರು ಕಣಪ್ಪ. ಎರಡಡೀಲಿ ಹೆಂಗೆ ಓಡ್ತದೆ, ಅದಕ್ಕೂ ನೀನೇ ಹೇಳಿಕೊಟ್ಟಿದೀಯ?”

ಸಭೆ ನಗುತ್ತಿದ್ದ ಹಾಗೇ ನಾನು ಪಹಣಿ ತೆಗೆದು ಬ ಖರಾಬು ಓದಿದೆ: ಒಂಬತ್ತು ಗುಂಟೆ, ಹಳ್ಳ. ನಕ್ಷೆಯಲ್ಲಿ ಅದರ ಮೇಲೆ ಎರಡು ಸೈಟು, ಒಂದು ರಸ್ತೆ ಕೂತಿದ್ದವು. ಆ ನಕ್ಷೆ ಬದಲಾಗಿಯೇ ಮಂಜೂರಾಯಿತು, ಹಳ್ಳ ಹಾಗೇ ಉಳಿಯಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಮಾರುವವರ ಜೊತೆ

ಇದನ್ನು ಬಿಟ್ಟರೆ ಊರು ಎರಡಾಗುತ್ತೆ. ಜಮೀನು ಮಾರಲು ಹೊರಟವನು ನಿಮ್ಮ ದಾಯಾದಿಯೋ ಬೀಗನೋ ಆಗಿರುತ್ತಾನೆ. ಬೋರ್ ಬತ್ತಿದೆ, ಮಗಳ ಮದುವೆ ಸಾಲ ಇದೆ, ಮಗ ಬೆಂಗಳೂರು ಬಿಟ್ಟು ಬರೋಲ್ಲ ಅನ್ನುತ್ತಿದ್ದಾನೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ರೈತನಲ್ಲದವನೂ ನೇರವಾಗಿ ಬಂದು ಕೊಳ್ಳುತ್ತಿದ್ದಾನೆ, ರೇಟು ಏರಿದೆ. ಮಾರುವವನನ್ನು ಊರ ದ್ರೋಹಿ ಅಂತ ಮೈಕಿನಲ್ಲಿ ಅಂದವರು ಆಮೇಲೆ ಅವನ ಮನೆ ಸಾವಿಗೂ ಹೋಗಲಾರದೆ ಉಳಿದಿದ್ದಾರೆ.

ಸಭೆಗೆ ಮುಂಚೆ ಅವನ ಮನೆಗೆ ಹೋಗಿ. ‘ಮಾರಬೇಡ ಅನ್ನೋಕೆ ಬಂದಿಲ್ಲಣ್ಣ. ಅಗ್ರಿಮೆಂಟಿನಲ್ಲಿ ದಾರಿ, ಹಳ್ಳ ಬಿಟ್ಟು ಬರೆದಿದೀಯಾ ನೋಡೋಣ’ ಅಂತ ಕೇಳಿ. ಎಷ್ಟೋ ಸಲ ಜಂಟಿ ಅಭಿವೃದ್ಧಿ ಒಪ್ಪಂದ ಅಂತ ಸಹಿ ಹಾಕಿ, ಹಣದ ಬದಲು ಸೈಟು ಬರುತ್ತೆ ಅಂತ ಕಾಯುತ್ತಿರುತ್ತಾನೆ. ಲೇಔಟಿಗೆ ನೀರು, ರಸ್ತೆ ಸರಿಯಾಗಿ ಬರಲಿ ಅನ್ನೋದು ಅವನಿಗೂ ಬೇಕು, ತನ್ನ ಪಾಲಿನ ಸೈಟೂ ಅಲ್ಲೇ ಇದೆಯಲ್ಲ. ಷರತ್ತುಗಳಿಗೆ ಅವನೇ ಅನುಮೋದಕ ಆದರೆ ಆ ದಿನದ ಸಭೆ ಬಹಳ ಬೇಗ ಮುಗಿಯುತ್ತೆ.

ಲೇಔಟಿನಲ್ಲಿ ಪಾಲಿರುವ ಪಂಚಾಯಿತಿ ಸದಸ್ಯರಿದ್ದರೆ, ಆ ವಿಷಯದ ಚರ್ಚೆಯಿಂದ ಹೊರಗಿರಿ ಅಂತ ಸಭೆಯಲ್ಲಿ ಮರ್ಯಾದೆಯಾಗಿ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಎದ್ದು ಹೋದರೆ ಒಳ್ಳೇದು, ಹೋಗದಿದ್ದರೆ ಅದೂ ಬರೆದಿರಲಿ.

ತೀರ್ಮಾನದ ಒಕ್ಕಣೆ

ಬರೆಯುವವನ ಕೈಚಳಕ ನನಗೆ ಗೊತ್ತು. ಯಾವ ಸಭೆಯಲ್ಲಿ ಎಷ್ಟೇ ಕುರ್ಚಿ ಮುರಿದರೂ ಸಂಜೆ ಪುಸ್ತಕದಲ್ಲಿ ಬರೋ ಸಾಲು ಒಂದೇ: ‘ಸಭೆಯಲ್ಲಿ ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ‘ಕೂಲಂಕಷ’, ‘ಸರ್ವಾನುಮತ’ ಎರಡೂ ರೂಢಿಯಿಂದ ಪೆನ್ನಿಗೆ ಬರುತ್ತವೆ. ‘ನಿಯಮಾನುಸಾರ ಕ್ರಮ ಕೈಗೊಳ್ಳಲು’ ಅಂತ ಬರೆದರೆ ಅರ್ಥ ಏನೂ ಇಲ್ಲ. ‘ಮೇಲಾಧಿಕಾರಿಗಳ ಮಾರ್ಗದರ್ಶನ ಕೋರಲು’ ಅಂದರೆ ಫೈಲ್ ಮಲಗಿತು ಅಂತ.

ಆದ್ದರಿಂದ ಒಕ್ಕಣೆಯನ್ನು ನೀವೇ ಬರೆದುಕೊಂಡು ಹೋಗಿ. ಊರಿನ ಮೇಷ್ಟ್ರಿಗೋ ವಕೀಲರಿಗೋ ತೋರಿಸಿ, ಒಂದು ಪುಟ ದಾಟದಿರಲಿ. ಹೀಗಿರಬಹುದು:

“ಸರ್ವೆ ನಂಬರ್ ___ರ ಉದ್ದೇಶಿತ ವಸತಿ ಬಡಾವಣೆ ಬಗ್ಗೆ ಚರ್ಚಿಸಲಾಯಿತು. ಸದರಿ ಸರ್ವೆ ನಂಬರಿನಲ್ಲಿ ಪಹಣಿಯಂತೆ ___ ಗುಂಟೆ ಬ ಖರಾಬು ಇದ್ದು, ಗ್ರಾಮ ನಕಾಶೆಯಂತೆ ಹಳ್ಳ ಹಾಗೂ ಬಂಡಿ ದಾರಿ ಹಾದುಹೋಗಿರುತ್ತದೆ. ಇವುಗಳನ್ನು ಯಥಾಸ್ಥಿತಿಯಲ್ಲಿ ಉಳಿಸಿ, ಸರ್ವೆ ಇಲಾಖೆಯಿಂದ ಗಡಿ ಗುರುತಿಸಿ ಕಲ್ಲು ನೆಡದ ಹೊರತು ಪಂಚಾಯಿತಿಯಿಂದ ಯಾವುದೇ ನಿರಾಕ್ಷೇಪಣಾ ಪತ್ರ ನೀಡಬಾರದು. ಬಡಾವಣೆಗೆ ಗ್ರಾಮದ ಕುಡಿಯುವ ನೀರಿನ ಕೊಳವೆ ಬಾವಿ ಹಾಗೂ ಟ್ಯಾಂಕಿನಿಂದ ಸಂಪರ್ಕ ನೀಡಬಾರದು. ಪ್ರತ್ಯೇಕ ನೀರಿನ ಮೂಲ, ಟ್ಯಾಂಕ್ ಹಾಗೂ ಕೊಳಚೆ ನೀರು ಸಂಸ್ಕರಣಾ ವ್ಯವಸ್ಥೆಯನ್ನು ಅಭಿವೃದ್ಧಿದಾರರೇ ಮಾಡತಕ್ಕದ್ದು. ಕೊಳಚೆ ನೀರನ್ನು ಕೆರೆಗಾಗಲಿ ಹಳ್ಳಕ್ಕಾಗಲಿ ಬಿಡತಕ್ಕದ್ದಲ್ಲ. ಪಾರ್ಕ್, ರಸ್ತೆ ಹಾಗೂ ನಾಗರಿಕ ಸೌಲಭ್ಯದ ನಿವೇಶನಗಳನ್ನು ನೋಂದಾಯಿತ ಪತ್ರದ ಮೂಲಕ ಪಂಚಾಯಿತಿಗೆ ವಹಿಸಿದ ನಂತರವೇ ನಿವೇಶನಗಳಿಗೆ ನಮೂನೆ 9 ಮತ್ತು 11ಎ ವಿತರಿಸತಕ್ಕದ್ದು. ಪರ ___, ವಿರುದ್ಧ ___, ತಟಸ್ಥ ___. ಈ ತೀರ್ಮಾನದ ಪ್ರತಿಯನ್ನು ಯೋಜನಾ ಪ್ರಾಧಿಕಾರ, ತಹಶೀಲ್ದಾರ್ ಹಾಗೂ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕಳುಹಿಸತಕ್ಕದ್ದು.”

ಗಮನಿಸಿ, ಇದರಲ್ಲಿ ‘ಬಡಾವಣೆ ಬೇಡ’ ಅನ್ನೋ ಮಾತು ಎಲ್ಲೂ ಇಲ್ಲ. ‘ಬೇಡ’ ಅಂದರೆ ಮೇಲಿನವರು ‘ಗ್ರಾಮಸಭೆಗೆ ಈ ಅಧಿಕಾರ ಇಲ್ಲ’ ಅಂತ ಒಂದು ಸಾಲಿನಲ್ಲಿ ತೆಗೆದುಹಾಕುತ್ತಾರೆ. ಹಳ್ಳ, ನೀರು, ಕೊಳಚೆ ಅಂದರೆ ಹಾಗೆ ತೆಗೆಯೋಕೆ ಬರೋಲ್ಲ. ತೀವ್ರ ವಿರೋಧ ಇದ್ದವರು ಇದಕ್ಕೆ ಸುಲಭಕ್ಕೆ ಒಪ್ಪೋಲ್ಲ, ರಾಜಿ ಅಂತ ಬೈತಾರೆ. ಆದರೆ ಹಳ್ಳ ಬಿಟ್ಟು, ಬೇರೆ ನೀರು ತಂದು, ಕೊಳಚೆ ಸಂಸ್ಕರಿಸಿ ಅಂದರೆ ಆ ಜಾಗದಲ್ಲಿ ಲೇಔಟ್ ಗಿಟ್ಟೋದಿಲ್ಲ ಅಂತ ತಾವೇ ಬೇಲಿ ಕಿತ್ತುಕೊಂಡು ಹೋದವರೂ ಇದ್ದಾರೆ.

ಕೈ ಎತ್ತೋ ಮುಂಚೆ ಈ ಇಡೀ ಒಕ್ಕಣೆಯನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿಸಿ. ಯಾವುದಕ್ಕೆ ಕೈ ಎತ್ತುತ್ತಿದ್ದೇವೆ ಅಂತ ಗೊತ್ತಾಗಲಿ. ಎಣಿಸುವಾಗ ಎಲ್ಲರೂ ಒಟ್ಟಿಗೆ ಕೈ ಎತ್ತಿ ಗದ್ದಲ ಮಾಡಿದರೆ ‘ಬಹುಮತ ಬಂತು’ ಅಂತ ಮುಗಿಸಿಬಿಡುತ್ತಾರೆ. ಸಾಲು ಸಾಲಾಗಿ ಕೂರಿಸಿ, ಒಂದೊಂದು ಸಾಲಿನ ಲೆಕ್ಕ ಕೂಗಿ ಬರೆಯೋಕೆ ಹೇಳಿ; ಹೆಂಗಸರ ಕಡೆ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಎಣಿಸಲಿ. ನಿಮ್ಮ ಕಡೆ ಮತ ಕಡಿಮೆ ಬಂದರೂ ಎದ್ದು ಹೋಗಬೇಡಿ. ವಿರುದ್ಧ ಇಷ್ಟು ಮತ, ಇಂಥ ಕಾರಣಕ್ಕೆ ಅಂತ ಬರೆಸಿಯೇ ಹೊರಡಿ. ನಾಳೆ ಪ್ರಾಧಿಕಾರಕ್ಕೆ ಆಕ್ಷೇಪಣೆ ಹಾಕುವಾಗ ಆ ಸಾಲು ಬೇಕಾಗುತ್ತೆ.

ಮುಗಿದ ಮೇಲೆ

ನಡಾವಳಿ ಅಲ್ಲೇ ಬರೆದು, ಅಲ್ಲೇ ಓದಿ, ಅಧ್ಯಕ್ಷರು, ಪಿಡಿಒ, ನೋಡಲ್ ಅಧಿಕಾರಿ ಮೂವರ ಸಹಿ ಆಗಬೇಕು. ‘ಫೇರ್ ಮಾಡಿ ಬರಿತೀವಿ, ನಾಳೆ ಬನ್ನಿ’ ಅಂದರೆ ಒಪ್ಪಬೇಡಿ. ಅಕ್ಷರ ಕೆಟ್ಟದಾಗಿದ್ದರೂ ಪರವಾಗಿಲ್ಲ. ದೃಢೀಕೃತ ಪ್ರತಿಗೆ ಮಾರನೇ ದಿನವೇ ಅರ್ಜಿ ಕೊಡಿ. ಪ್ರತಿ ಸಿಕ್ಕಿದ ಮೇಲೆ ಪಂಚಾಯಿತಿ ಕಳಿಸುತ್ತೆ ಅಂತ ಕಾಯದೆ, ನೀವೂ ಒಂದೊಂದು ಪ್ರತಿ ಪ್ರಾಧಿಕಾರಕ್ಕೆ, ತಹಶೀಲ್ದಾರ್ ಕಚೇರಿಗೆ, ತಾಲ್ಲೂಕು ಪಂಚಾಯಿತಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸೀಲ್ ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಂತಲ್ಲ.

ಪಂಚಾಯಿತಿ ಸದಸ್ಯರ ಸಾಮಾನ್ಯ ಸಭೆಯಲ್ಲಿ ಇದೇ ವಿಷಯ ಮತ್ತೆ ಬರುತ್ತೆ, ಅಲ್ಲಿ ಊರಿನವರು ಇರೋಲ್ಲ. ನಿಮ್ಮ ವಾರ್ಡಿನ ಸದಸ್ಯರ ಕೈಯಲ್ಲಿ ಗ್ರಾಮಸಭೆ ತೀರ್ಮಾನದ ಪ್ರತಿ ಇಟ್ಟಿರಿ, ಅಜೆಂಡಾ ಬಂದ ದಿನ ನೆನಪಿಸಿ.

ಲೇಔಟ್ ಮಂಜೂರಾಗಿ ಸೈಟು ಮಾರಾಟಕ್ಕೆ ಬಂದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯೋ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಲೇಔಟಿಗೆ ನೋಂದಣಿ ಕಡ್ಡಾಯ, ಅದಿಲ್ಲದೆ ಜಾಹೀರಾತು ಹಾಕೋ ಹಾಗಿಲ್ಲ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ ತೆಗೆದು ನೋಡಬಹುದು. ಹಳ್ಳ, ದಾರಿ ಉಳಿದಿವೆಯೋ ಅಂತ ನಿಮ್ಮ ಗ್ರಾಮ ನಕಾಶೆಗೆ ಹೋಲಿಸಿ. ಉಳಿದಿಲ್ಲ ಅಂದರೆ ನಡಾವಳಿ ಪ್ರತಿ, ಪಹಣಿ, ನಕಾಶೆ ಮೂರನ್ನೂ ಲಗತ್ತಿಸಿ ತಹಶೀಲ್ದಾರರಿಗೆ ಒತ್ತುವರಿ ದೂರು ಕೊಡಿ. ಜೊತೆಗೆ ಆ ಸರ್ವೆ ನಂಬರಿನ ಸೈಟುಗಳಿಗೆ ನಮೂನೆ 11ಎ ಕೊಡಬಾರದು ಅಂತ ಪಿಡಿಒಗೆ ಅದೇ ದಿನ ತಕರಾರು ಅರ್ಜಿ ಹಾಕಿ, ಎರಡಕ್ಕೂ ಸೀಲ್ ಹಾಕಿಸಿಕೊಂಡು ಬನ್ನಿ.